ಹೆಚ್ಚುವರಿ ಪರಿಕರ ಹಾಕಿಸಿದ ಮೇಲೆ ಗಾಡಿ ಕುಕ್ಕುವುದೇಕೆ?

ಪ್ರಶ್ನೆ: ನನ್ನದು ಫೋರ್ ವೀಲ್ ಡ್ರೈವ್ ವಾಹನ. ಮುಂದೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಇಡಿಯಾದ ಆಕ್ಸಲ್ ಮತ್ತು ಕಾಯಿಲ್ ಸ್ಪ್ರಿಂಗ್ ಇವೆ. ಕಾಡುದಾರಿಯ ಪ್ರಯಾಣಕ್ಕೆಂದು ಉಕ್ಕಿನ ಮುಂಬಂಪರ್, ವಿಂಚ್, ಛಾವಣಿಯ ರ‍್ಯಾಕ್, ಗಾಡಿಯನ್ನು 50 ಮಿ.ಮೀ. ಎತ್ತರಿಸುವ ಲಿಫ್ಟ್ ಕಿಟ್, ಅದರೊಂದಿಗೆ ಬಂದ ಹೆವಿ ಡ್ಯೂಟಿ ಸ್ಪ್ರಿಂಗ್, ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಗೂ ಲೈಟ್ ಟ್ರಕ್ ದರ್ಜೆಯ ಆಲ್ ಟೆರೇನ್ ಟೈರ್, ಇಷ್ಟನ್ನೂ ಒಂದೇ ಸಲಕ್ಕೆ ಹಾಕಿಸಿದೆ. ಹಿಂದಿನ ಸ್ಪ್ರಿಂಗ್ ಸದಾ 300 ಕೆ.ಜಿ. ಹೆಚ್ಚುವರಿ ಹೊರೆ ಇರುವ ಗಾಡಿಗೆ ತಯಾರಾದುದು. ಆಗಿನಿಂದ ರಸ್ತೆಯ ಸಣ್ಣ ಬಿರುಕೂ ಬೆನ್ನಿಗೆ ತಾಗುತ್ತದೆ. ರಸ್ತೆಯುಬ್ಬು ದಾಟುವಾಗ ಹಿಂಬದಿ ಎಗರುತ್ತದೆ. ಉಬ್ಬಿನಿಂದ ಇಳಿಯುವಾಗ ಮುಂಭಾಗದಲ್ಲಿ ಲೋಹ ತಾಕಿದಂತೆ 'ಟಕ್' ಎಂಬ ಸದ್ದು ಬರುತ್ತದೆ. ಭಾರದ ಟೈರ್‌ಗೆ ಹೆಚ್ಚು ಗಾಳಿ ಬೇಕೆಂದು ಹೇಳಿದ್ದರಿಂದ ಮೊದಲು 32 ಪಿಎಸ್‌ಐ ಇದ್ದದ್ದನ್ನು 45ಕ್ಕೆ ಏರಿಸಿದ್ದೇನೆ. ಸಾಮಾನ್ಯವಾಗಿ ಗಾಡಿಯಲ್ಲಿ ಇಬ್ಬರೇ ಇರುತ್ತೇವೆ, ಹಿಂದೆ ಸಾಮಾನು ಅಪರೂಪ. ಕೆಲವು ಸಾವಿರ ಕಿಲೋಮೀಟರ್ ಓಡಿದರೆ ಶಾಕ್ ಪಳಗುತ್ತದೆ ಎಂದು ಕೆಲಸ ಮಾಡಿಕೊಟ್ಟವರು ಹೇಳುತ್ತಾರೆ; ಶಾಕ್ ಬದಲಿಸಿಬಿಡಿ ಎಂದು ಇನ್ನೊಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಶಾಕ್ ಅಬ್ಸಾರ್ಬರ್ ಸುತ್ತಲೇ ತಿರುಗುತ್ತಿದೆ. ಸವಾರಿ ಕೆಟ್ಟಾಗ ಮೊದಲು ಅದರ ಮೇಲೆ ಗೂಬೆ ಕೂರಿಸುವುದು ವರ್ಕ್‌ಶಾಪ್‌ಗಳ ಹಳೆಯ ರೂಢಿ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ವಿಚಾರಿಸಬೇಕಾದ ಭಾಗ. ಹೊಸ ಶಾಕ್‌ನ ಸೀಲ್ ಮತ್ತು ಬುಷ್ ಓಡುತ್ತಾ ಸ್ವಲ್ಪ ಸಡಿಲಗೊಳ್ಳುವುದು ನಿಜವಾದರೂ, ನೀವು ವಿವರಿಸಿರುವಷ್ಟು ಗಡಸುತನ ಅದರಿಂದ ಮಾಯವಾಗದು. ಟೈರ್, ಸ್ಪ್ರಿಂಗ್, ಶಾಕ್, ತೂಕ, ಎತ್ತರ ಐದೂ ಒಟ್ಟಿಗೆ ಬದಲಾಗಿರುವುದರಿಂದ ಯಾವುದು ಎಷ್ಟು ಕೆಡಿಸಿದೆ ಎಂದು ಯಾರೂ ಕುಳಿತಲ್ಲೇ ಹೇಳಲಾರರು. ಆದರೆ ನೀವು ಮೂರು ದೂರುಗಳನ್ನು ಬೇರೆ ಬೇರೆಯಾಗಿ ಬರೆದಿದ್ದೀರಿ, ಅದು ದೊಡ್ಡ ಉಪಕಾರ. ಸಣ್ಣ ಬಿರುಕಿಗೆ ನಡುಗುವುದು, ಉಬ್ಬಿನ ಮೇಲೆ ಹಿಂಬದಿ ಎಗರುವುದು ಮತ್ತು ಇಳಿಯುವಾಗ ಸದ್ದಾಗುವುದು, ಈ ಮೂರಕ್ಕೂ ಮೂಲ ಒಂದೇ ಇರುವ ಸಂಭವ ಕಡಿಮೆ.

ಮೊದಲು ಟೈರ್ ನೋಡೋಣ, ಏಕೆಂದರೆ ಅಲ್ಲಿನ ಪರೀಕ್ಷೆಗೆ ಒಂದು ಗೇಜ್ ಸಾಕು. ರಸ್ತೆಯ ಬಿರುಕು, ಜಲ್ಲಿಕಲ್ಲು, ಸೇತುವೆಯ ಜೋಡಣೆಪಟ್ಟಿಯಂಥ ಚೂಪಾದ ಸಣ್ಣ ಏರಿಳಿತಗಳನ್ನು ನುಂಗಬೇಕಾದದ್ದು ಮುಖ್ಯವಾಗಿ ಟೈರ್. ಅದು ನುಂಗದೆ ಬಿಟ್ಟದ್ದು ಮಾತ್ರ ಸ್ಪ್ರಿಂಗ್ ಮತ್ತು ಶಾಕ್‌ಗೆ ತಲುಪುತ್ತದೆ. ಗಾಳಿ ತುಂಬಿದ ಟೈರ್ ತಾನೇ ಒಂದು ಸ್ಪ್ರಿಂಗ್, ಅದರ ಗಡಸುತನದ ಬಹುಪಾಲು ಒಳಗಿನ ಒತ್ತಡದಿಂದಲೇ ಬರುತ್ತದೆ. ನೀವು 32ರಿಂದ 45ಕ್ಕೆ ಏರಿದ್ದೀರಿ ಎಂದರೆ ಒತ್ತಡ 40 ಶೇಕಡ ಹೆಚ್ಚಿದೆ. ಅದರ ಮೇಲೆ ಲೈಟ್ ಟ್ರಕ್ ಟೈರ್‌ನ ಪಕ್ಕದ ಗೋಡೆ ದಪ್ಪ ಮತ್ತು ಬಿರುಸು. ಪ್ರಯಾಣಿಕ ವಾಹನದ ಟೈರ್ ಹೊರುವ ಭಾರವನ್ನೇ ಹೊರಲು ಲೈಟ್ ಟ್ರಕ್ ಟೈರ್‌ಗೆ ಸ್ವಲ್ಪ ಹೆಚ್ಚು ಒತ್ತಡ ಬೇಕು ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಆ 'ಸ್ವಲ್ಪ' ಎಷ್ಟು ಎಂಬುದನ್ನು ಟೈರ್ ತಯಾರಕರ ಹೊರೆ ಮತ್ತು ಒತ್ತಡದ ಪಟ್ಟಿಯಲ್ಲಿ ನಿಮ್ಮ ಆಕ್ಸಲ್ ತೂಕದ ಎದುರು ನೋಡಿ ತಿಳಿಯಬೇಕೇ ಹೊರತು ಊಹೆಯಿಂದಲ್ಲ. ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡವು ಆ ಟೈರ್ ತನ್ನ ಗರಿಷ್ಠ ಹೊರೆ ಹೊರುವಾಗ ಬೇಕಾದದ್ದು; ಅದನ್ನು ದಿನನಿತ್ಯದ ಒತ್ತಡವೆಂದು ಭಾವಿಸಿ ತುಂಬಿಸಿಕೊಂಡವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ.

ಪಟ್ಟಿ ಸಿಗುವವರೆಗೆ ಎರಡು ಸರಳ ಪರೀಕ್ಷೆಗಳನ್ನು ಮಾಡಬಹುದು. ಟೈರ್‌ನ ನೆಲ ತಾಗುವ ಭಾಗಕ್ಕೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಕೆಲವು ಮೀಟರ್ ನೇರವಾಗಿ ಓಡಿಸಿ ನೋಡಿ. ನಡುವೆ ಮಾತ್ರ ಗೆರೆ ಅಳಿಸಿದ್ದರೆ ಗಾಳಿ ಹೆಚ್ಚಾಗಿದೆ, ಎರಡು ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆಯಾಗಿದೆ. ಎರಡನೆಯದು ಬಿಸಿಯ ಲೆಕ್ಕ: ತಣ್ಣಗಿರುವಾಗ ಒತ್ತಡ ಬರೆದಿಟ್ಟುಕೊಂಡು, ಒಂದು ಗಂಟೆ ಓಡಿಸಿದ ಮೇಲೆ ಮತ್ತೆ ಅಳೆಯಿರಿ. ಲೈಟ್ ಟ್ರಕ್ ಟೈರ್‌ನಲ್ಲಿ ಸುಮಾರು 6 ಪಿಎಸ್‌ಐ, ಸಾಮಾನ್ಯ ಟೈರ್‌ನಲ್ಲಿ ಸುಮಾರು 4 ಪಿಎಸ್‌ಐ ಏರಿದ್ದರೆ ಆರಂಭದ ಒತ್ತಡ ಹೊರೆಗೆ ಹೊಂದುತ್ತದೆ ಎಂಬುದು ಕಾಡುದಾರಿಯ ಚಾಲಕರು ಬಹುಕಾಲದಿಂದ ಬಳಸುವ ಅಂದಾಜು. ಏರಿಕೆ ಅದಕ್ಕಿಂತ ಹೆಚ್ಚಾದರೆ ಟೈರ್ ಅತಿಯಾಗಿ ಬಾಗಿ ಬಿಸಿಯಾಗುತ್ತಿದೆ, ಅಂದರೆ ಗಾಳಿ ಸಾಲದು. ತೀರಾ ಕಡಿಮೆಯಾದರೆ ಬಾಗುತ್ತಲೇ ಇಲ್ಲ. ಏನೇ ಆಗಲಿ, ಹೊರೆಯ ಪಟ್ಟಿ ಹೇಳುವ ಕನಿಷ್ಠಕ್ಕಿಂತ ಕೆಳಗೆ ಹೆದ್ದಾರಿಯಲ್ಲಿ ಓಡಿಸಬಾರದು. ಇಬ್ಬರೇ ಇರುವ ನಿಮ್ಮ ಗಾಡಿಗೆ, ಅದರಲ್ಲೂ ಹಿಂದಿನ ಚಕ್ರಗಳಿಗೆ, 45 ಬಹಳ ಹೆಚ್ಚಾಯಿತು ಎಂದೇ ನನ್ನ ಅನುಮಾನ.

ಟೈರ್ ಕುರಿತು ಇನ್ನೊಂದು ಮಾತಿದೆ. ಇಂಥ ಟೈರ್ ಮೂಲ ಟೈರ್‌ಗಿಂತ ಒಂದೊಂದೂ 6ರಿಂದ 8 ಕೆ.ಜಿ. ಹೆಚ್ಚು ತೂಗುವುದು ಸಾಮಾನ್ಯ. ಈ ತೂಕ ಸ್ಪ್ರಿಂಗ್‌ನ ಕೆಳಗಿನದು, ಅಂದರೆ ಚಕ್ರದೊಂದಿಗೆ ಮೇಲೆ ಕೆಳಗೆ ಕುಣಿಯುವ ತೂಕ. ಚಕ್ರ ಮತ್ತು ಆಕ್ಸಲ್ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ ಕುಣಿಯುವ ಸ್ವಭಾವದವು. ತೂಕ ಹೆಚ್ಚಾದಷ್ಟೂ ಆ ಕುಣಿತವನ್ನು ಅಡಗಿಸುವುದು ಕಷ್ಟ, ಅದರ ಪೆಟ್ಟು ಚಾಸಿಗೆ ತಲುಪುವುದೂ ಹೆಚ್ಚು. ಒತ್ತಡ ಸರಿಪಡಿಸಿದ ಮೇಲೂ ಉಳಿಯುವ ಸಣ್ಣ ನಡುಕವನ್ನು ಆ ಟೈರ್‌ನ ಬೆಲೆಯ ಭಾಗವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಅದು ಬೇಡವೆನಿಸಿದರೆ ಮುಂದಿನ ಸಲ ಹಗುರ ದರ್ಜೆಯ ಟೈರ್ ಆಯ್ದುಕೊಳ್ಳಿ. ಮೂಲ ಚಕ್ರಗಳು ನಿಮ್ಮ ಬಳಿ ಇನ್ನೂ ಇದ್ದರೆ ಅವನ್ನು ಹಾಕಿ, ಪರಿಚಿತ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಓಡಿಸಿ ಬನ್ನಿ. ಟೈರ್‌ನ ಪಾಲು ಎಷ್ಟು, ಸಸ್ಪೆನ್ಷನ್‌ನ ಪಾಲು ಎಷ್ಟು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ.

ಇನ್ನು ಹಿಂಬದಿ ಎಗರುವ ವಿಚಾರ. ಇಲ್ಲಿ ನಿಮ್ಮ ಪತ್ರದಲ್ಲೇ ಉತ್ತರವಿದೆ: 300 ಕೆ.ಜಿ. ಹೊರೆಗೆ ತಯಾರಾದ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಕುಳಿತಿದೆ. ಅದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಉದಾಹರಣೆಗೆ, ಹಿಂದಿನ ಒಂದೊಂದು ಸ್ಪ್ರಿಂಗ್ 350 ಕೆ.ಜಿ. ಹೊರುತ್ತಿದೆ ಎಂದುಕೊಳ್ಳೋಣ. ಮೂಲ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 28 ನ್ಯೂಟನ್ ಬಲ ಕೇಳುತ್ತಿದ್ದರೆ ಗಾಡಿಯ ಹಿಂಭಾಗ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ. ಒಂದರಿಂದ ಒಂದೂವರೆ ಹರ್ಟ್ಸ್ ಆಸುಪಾಸಿನ ಇಂಥ ತೂಗಾಟ ದೇಹಕ್ಕೆ ಹಿತವೆನಿಸುತ್ತದೆ. ಅಲ್ಲಿಗೆ 45 ನ್ಯೂಟನ್ ಕೇಳುವ ಸ್ಪ್ರಿಂಗ್ ಹಾಕಿದರೆ ಆವರ್ತನ, ಅಂದರೆ ಸೆಕೆಂಡಿಗೆ ಇಷ್ಟು ಸಲ ಎಂಬ ಲೆಕ್ಕ, 1.8 ಹರ್ಟ್ಸ್‌ಗೆ ಏರುತ್ತದೆ, ಅದೇ ಉಬ್ಬು ಅದೇ ತೂಕವನ್ನು ಸುಮಾರು 1.6 ಪಟ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಅದೇ ಸ್ಪ್ರಿಂಗ್ ಮೇಲೆ 300 ಕೆ.ಜಿ. ಸಾಮಾನು ಹೇರಿ ನೋಡಿ, ಆವರ್ತನ 1.5ಕ್ಕೆ ಇಳಿದು ಗಾಡಿ ಸಭ್ಯವಾಗುತ್ತದೆ. ಆದ್ದರಿಂದ ಸ್ಪ್ರಿಂಗ್‌ನಲ್ಲಿ ದೋಷವಿಲ್ಲ, ನೀವು ಇಲ್ಲದ ಹೊರೆಗೆ ಸ್ಪ್ರಿಂಗ್ ಕೊಂಡಿದ್ದೀರಿ.

ಇದನ್ನು ಇನ್ನಷ್ಟು ಕೆಡಿಸುವ ಸಂಗತಿಯೊಂದು ಮುಂಬಂಪರ್‌ನಲ್ಲಿ ಅಡಗಿದೆ. ಬಂಪರ್ ಮತ್ತು ವಿಂಚ್ ಸೇರಿ 90 ಕೆ.ಜಿ. ಎಂದೂ, ಅವು ಮುಂದಿನ ಆಕ್ಸಲ್‌ನಿಂದ 80 ಸೆಂ.ಮೀ. ಮುಂದಕ್ಕೆ ಇವೆ ಎಂದೂ, ಆಕ್ಸಲ್‌ಗಳ ನಡುವಿನ ಅಂತರ 280 ಸೆಂ.ಮೀ. ಎಂದೂ ಇಟ್ಟುಕೊಳ್ಳಿ. ಸನ್ನೆಯ ಲೆಕ್ಕದಂತೆ ಮುಂದಿನ ಆಕ್ಸಲ್ ಮೇಲೆ ಸುಮಾರು 116 ಕೆ.ಜಿ. ಏರುತ್ತದೆ, ಹಿಂದಿನ ಆಕ್ಸಲ್‌ನಿಂದ ಸುಮಾರು 26 ಕೆ.ಜಿ. ಇಳಿದುಹೋಗುತ್ತದೆ. ಅಂದರೆ ಗಡಸು ಸ್ಪ್ರಿಂಗ್ ಬಂದ ಜಾಗದಲ್ಲೇ ಗಾಡಿ ಮೊದಲಿಗಿಂತ ಹಗುರವಾಯಿತು. ಛಾವಣಿಯ ರ‍್ಯಾಕ್ ಎರಡು ಆಕ್ಸಲ್‌ಗಳ ನಡುವೆ ಇರುವುದರಿಂದ ಅದರ ಭಾರ ಎರಡಕ್ಕೂ ಹಂಚಿಹೋಗುತ್ತದೆ. ಅದರ ತಂಟೆ ಹೊಯ್ದಾಟದಲ್ಲಿ ಕಾಣಿಸುತ್ತದೆಯೇ ಹೊರತು ಕುಕ್ಕುವಿಕೆಯಲ್ಲಿ ಅಷ್ಟಾಗಿ ಅಲ್ಲ.

ಮುಂದೆ ಹಿಂದೆ ಆವರ್ತನಗಳ ಹೊಂದಾಣಿಕೆಯನ್ನೂ ಇಲ್ಲಿ ಹೇಳಬೇಕು. 1930ರ ದಶಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಮೌರಿಸ್ ಓಲಿ, ತೂಕಗಳನ್ನು ಜರುಗಿಸಬಹುದಾದ ಪರೀಕ್ಷಾ ಕಾರಿನಲ್ಲಿ ಪ್ರಯೋಗ ನಡೆಸಿ, ಹಿಂಭಾಗದ ಆವರ್ತನ ಮುಂಭಾಗಕ್ಕಿಂತ ತುಸು ಹೆಚ್ಚಿದ್ದರೆ ಸವಾರಿ ಸಮತಟ್ಟಾಗಿರುತ್ತದೆ ಎಂದು ತೋರಿಸಿದರು. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ. ತಡವಾಗಿ ಶುರುವಾಗುವ ಹಿಂದಿನ ತೂಗಾಟ ಸ್ವಲ್ಪ ಚುರುಕಾಗಿದ್ದರೆ ಮುಂದಿನದನ್ನು ಬೇಗ ಹಿಡಿದುಕೊಳ್ಳುತ್ತದೆ, ಗಾಡಿ ಮುಗ್ಗರಿಸಿದಂತಾಗದೆ ಒಟ್ಟಾಗಿ ಏರಿಳಿಯುತ್ತದೆ. ನಿಮ್ಮಲ್ಲಿ ಮುಂಭಾಗ ಭಾರವಾಗಿ ನಿಧಾನವಾಗಿದೆ, ಹಿಂಭಾಗ ಹಗುರವಾಗಿ ಗಡಸಾಗಿದೆ. ತುಸು ಇರಬೇಕಾದ ವ್ಯತ್ಯಾಸ ಮಿತಿಮೀರಿದ್ದರಿಂದ ಹಿಂದಿನ ಆಸನದವರನ್ನು ಉಬ್ಬು ಎತ್ತಿ ಒಗೆಯುತ್ತದೆ.

ಮೂರನೆಯ ದೂರು, 'ಟಕ್' ಎಂಬ ಸದ್ದು, ಬೇರೆಯದೇ ಕಥೆ. ಚಕ್ರಕ್ಕೆ ಮೇಲೇರಲು ಇರುವಂತೆ ಕೆಳಗಿಳಿಯಲೂ ಒಂದು ಮಿತಿ ಇದೆ. ಒಟ್ಟು 200 ಮಿ.ಮೀ. ಚಲನೆಯಲ್ಲಿ 110 ಮೇಲಕ್ಕೆ, 90 ಕೆಳಕ್ಕೆ ಇದ್ದ ಗಾಡಿಯನ್ನು, ಚಲನೆಯ ಕೆಳಗಿನ ಮಿತಿ ಬದಲಾಗದಂತೆ 50 ಮಿ.ಮೀ. ಎತ್ತಿದರೆ, ಕೆಳಕ್ಕೆ ಉಳಿಯುವುದು 40 ಮಾತ್ರ. ಉಬ್ಬಿನಿಂದ ಇಳಿಯುವಾಗ ಅಥವಾ ಗುಂಡಿಗೆ ಚಕ್ರ ಇಳಿಯುವಾಗ ಆ 40 ಕ್ಷಣದಲ್ಲಿ ಮುಗಿದು, ಶಾಕ್ ತನ್ನ ಪೂರ್ತಿ ಉದ್ದಕ್ಕೆ ಹಿಗ್ಗಿ ಒಳಗಿನ ತಡೆಗೆ ಬಡಿಯುತ್ತದೆ, ಇಲ್ಲವೆ ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ತೋಳು ತನ್ನ ರಬ್ಬರ್ ತಡೆಗೆ ತಾಗುತ್ತದೆ. ಇದನ್ನು ಬಹಳ ಮಂದಿ ಸ್ಪ್ರಿಂಗ್‌ನ ಗಡಸುತನ ಎಂದೇ ತಿಳಿಯುತ್ತಾರೆ. ಗಾಡಿ ಸಮನೆಲದ ಮೇಲೆ ನಿಂತಿರುವಾಗ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ಅಳೆಯಿರಿ. ಬಳಿಕ ಚಾಸಿಯನ್ನು ಜ್ಯಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರ ಪೂರ್ತಿ ಇಳಿಬಿದ್ದಾಗ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ 50 ಮಿ.ಮೀ.ಗಿಂತ ಕಡಿಮೆ ಬಂದರೆ ಸದ್ದಿನ ಮೂಲ ಸಿಕ್ಕಿತು ಎಂದೇ ತಿಳಿಯಿರಿ. ಎತ್ತರವನ್ನು ಒಂದಿಷ್ಟು ಇಳಿಸುವುದು ಅಥವಾ ಆ ಎತ್ತರಕ್ಕೆ ತಕ್ಕ ಉದ್ದದ ಶಾಕ್ ಮತ್ತು ಮೇಲಿನ ತೋಳು ಹಾಕುವುದು ಪರಿಹಾರ. ಇಳಿಸುವುದೇ ಮೇಲು ಎನ್ನುವವನು ನಾನು, 50 ಮಿ.ಮೀ. ಎತ್ತಿದ ಗಾಡಿಗಳಲ್ಲಿ ಆ ಕೊನೆಯ 20 ಮಿ.ಮೀ. ನೋಟಕ್ಕೆಂದೇ ಇರುತ್ತದೆ.

ಶಾಕ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಭಾರದ ಸ್ಪ್ರಿಂಗ್‌ಗೆ ಹೊಂದುವಂತೆ ಕಿಟ್‌ನ ಶಾಕ್‌ನ ಕವಾಟಗಳನ್ನೂ ಬಿಗಿಯಾಗಿ ಇಟ್ಟಿರುತ್ತಾರೆ, ಆದ್ದರಿಂದ ಸ್ಪ್ರಿಂಗ್ ಹಗುರ ಮಾಡಿದರೆ ಅದನ್ನೂ ಮರುಹೊಂದಿಸಬೇಕಾದೀತು. ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಒಳಗಿನ ಗ್ಯಾಸ್ ಕೂಡ ಸದಾ ದಂಡವನ್ನು ಹೊರತಳ್ಳುತ್ತಿರುತ್ತದೆ, 14 ಮಿ.ಮೀ. ದಪ್ಪದ ದಂಡ ಮತ್ತು 20 ಬಾರ್ ಒತ್ತಡ ಇದ್ದರೆ ಅದು ಸುಮಾರು 31 ಕೆ.ಜಿ. ಬಲ. ಆದರೆ ಅದು ಗಾಡಿಯನ್ನು ತುಸು ಎತ್ತುವಷ್ಟೇ ಬಲ, ಬೆನ್ನು ಮುರಿಯುವಷ್ಟಲ್ಲ. ಶಾಕ್‌ನ ಚಲನೆ ಎಷ್ಟು ಬಳಕೆಯಾಗುತ್ತಿದೆ ಎಂದು ತಿಳಿಯಲು ಹೊರಗೆ ಕಾಣುವ ದಂಡಕ್ಕೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಅದನ್ನು ಶಾಕ್‌ನ ಮೈಗೆ ತಾಗುವಂತೆ ಸರಿಸಿಟ್ಟು, ಎಂದಿನ ರಸ್ತೆಯಲ್ಲಿ ಓಡಿಸಿ ಬನ್ನಿ. ಟೈ ಅಲ್ಪವೇ ಸರಿದು ನಿಂತಿದ್ದರೆ ಸ್ಪ್ರಿಂಗ್ ಅಥವಾ ಶಾಕ್ ಚಲನೆಗೇ ಬಿಡುತ್ತಿಲ್ಲ. ಪೂರ್ತಿ ಕೊನೆಗೆ ಸರಿದಿದ್ದರೆ ಗಾಡಿ ಚಕ್ರದ ಏರಿಕೆಯ ಕೊನೆಯ ರಬ್ಬರ್ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿಯುತ್ತಿದೆ. ಎರಡೂ ಒಳಗೆ ಕುಳಿತವರಿಗೆ ಕುಕ್ಕಿದಂತೆಯೇ ಅನಿಸುತ್ತವೆ, ಆದರೆ ಮೊದಲನೆಯದಕ್ಕೆ ಬೇಕಾದದ್ದು ಮೆದು, ಎರಡನೆಯದಕ್ಕೆ ಬೇಕಾದದ್ದು ಗಡಸು. ತಿಳಿಯದೆ ಬಿಡಿಭಾಗ ಕೊಂಡವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನೀವು ಮಾಡಬೇಕಾದದ್ದು ಇಷ್ಟು. ಎಂದಿನಂತೆ ಇಬ್ಬರು ಕುಳಿತು, ಇಂಧನ ತುಂಬಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ವೇಬ್ರಿಡ್ಜ್‌ನಲ್ಲಿ ಬೇರೆ ಬೇರೆಯಾಗಿ ತೂಗಿಸಿ; ಅವು ವಾಹನ ತಯಾರಕರು ನಮೂದಿಸಿದ ಆಕ್ಸಲ್ ಮಿತಿ ಮತ್ತು ಒಟ್ಟು ತೂಕದ ಮಿತಿಯೊಳಗೆ ಇವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆ ತೂಕಕ್ಕೆ ತಕ್ಕಂತೆ ಟೈರ್ ಒತ್ತಡ ಇಳಿಸಿ ಒಂದು ವಾರ ಓಡಿಸಿ. ನಂತರ ಹಿಂದಿನ ಸ್ಪ್ರಿಂಗ್ ಮಾತ್ರ ಹಗುರ ಹೊರೆಯದಕ್ಕೆ ಬದಲಿಸಿ. ಮೂಲ ಸ್ಪ್ರಿಂಗ್ ಇದ್ದರೆ ಪರೀಕ್ಷೆಗೆ ಅದನ್ನೇ ಹಾಕಿ ನೋಡಬಹುದು. ಮುಂದಿನ ಸ್ಪ್ರಿಂಗ್ ನಿಜವಾದ ಭಾರವನ್ನೇ ಹೊತ್ತಿರುವುದರಿಂದ ಅದನ್ನು ಮುಟ್ಟುವ ಅಗತ್ಯ ಕಾಣುವುದಿಲ್ಲ. ಇಷ್ಟಾದ ಮೇಲೂ ಗಡಸು ಉಳಿದರೆ ಶಾಕ್ ಕಡೆಗೆ ತಿರುಗಿ.

ಪ್ರಶ್ನೆ: ನನ್ನ ಹಳೆಯ ಜೀಪು ಮಾದರಿಯ ವಾಹನದ ಮುಂಭಾಗದಲ್ಲಿ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು, ಇದೆ. ಬಿಡಿಭಾಗ ಯಾವುದನ್ನೂ ಬದಲಿಸದೆ, ಹೊಂದಾಣಿಕೆಯ ಬೋಲ್ಟ್ ಬಿಗಿ ಮಾಡಿ ಮುಂಭಾಗವನ್ನು 40 ಮಿ.ಮೀ. ಎತ್ತಿಸಿದೆ. ಈಗ ಗಾಡಿ ಕಲ್ಲಿನಂತೆ ಗಡಸಾಗಿದೆ. ಬೋಲ್ಟ್ ಬಿಗಿ ಮಾಡಿದ್ದರಿಂದ ಬಾರ್ ಬಿಗಿಯಾಯಿತೇ?

ಉತ್ತರ: ಇಲ್ಲ. ಟಾರ್ಷನ್ ಬಾರ್‌ನ ಗಡಸುತನವನ್ನು ನಿರ್ಧರಿಸುವುದು ಅದರ ದಪ್ಪ, ಉದ್ದ ಮತ್ತು ಉಕ್ಕಿನ ಗುಣ. ದಪ್ಪದ ಪಾಲು ದೊಡ್ಡದು, ಅದು ನಾಲ್ಕನೆಯ ಘಾತದಲ್ಲಿ ಏರುತ್ತದೆ, 24 ಮಿ.ಮೀ. ಬಾರ್ ತೆಗೆದು 27 ಮಿ.ಮೀ.ನದು ಹಾಕಿದರೆ ಗಡಸು 60 ಶೇಕಡ ಹೆಚ್ಚುತ್ತದೆ. ಬೋಲ್ಟ್ ಇವುಗಳಲ್ಲಿ ಯಾವುದನ್ನೂ ಬದಲಿಸದು, ಬಾರ್‌ನ ಇನ್ನೊಂದು ತುದಿ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. ಗಾಡಿಯ ತೂಕ ಅಷ್ಟೇ ಇರುವುದರಿಂದ, ನಿಂತ ಗಾಡಿಯಲ್ಲಿ ಬಾರ್ ತಿರುಚಿಕೊಂಡಿರುವ ಪ್ರಮಾಣವೂ ಹೆಚ್ಚುಕಡಿಮೆ ಮೊದಲಿನಷ್ಟೇ.

ಬದಲಾದದ್ದು ತೋಳುಗಳ ಸ್ಥಾನ. ಅವು ಈಗ ಕೆಳಗಿನ ಮಿತಿಯ ಹತ್ತಿರ ಇಳಿಬಿದ್ದಿವೆ, ಬಹುಶಃ ಮೇಲಿನ ತೋಳು ನಿಂತಲ್ಲೇ ರಬ್ಬರ್ ತಡೆಯನ್ನು ಮುಟ್ಟಿಕೊಂಡಿದೆ. ಚಕ್ರ ಇಳಿಯಲು ಜಾಗವೇ ಇಲ್ಲದಾಗ ಪ್ರತಿ ಸಣ್ಣ ಗುಂಡಿಯೂ ಇಡೀ ಗಾಡಿಯನ್ನು ಕೆಳಕ್ಕೆ ಎಳೆಯುತ್ತದೆ, ಮರುಕ್ಷಣದಲ್ಲಿ ಗುಂಡಿಯ ಆಚೆ ಅಂಚು ಅದನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ತೋಳು ಮತ್ತು ಅದರ ಇಳಿತದ ತಡೆಯ ನಡುವೆ ಎಷ್ಟು ಸಂದು ಉಳಿದಿದೆ ನೋಡಿ; ಬೆರಳು ತೂರದಷ್ಟಿದ್ದರೆ ಬೋಲ್ಟ್ ಸಡಿಲಿಸಿ, ಒಟ್ಟು ಚಲನೆಯ ಕನಿಷ್ಠ ಮೂರನೆಯ ಒಂದು ಭಾಗ ಇಳಿತಕ್ಕೆ ಸಿಗುವವರೆಗೆ ಗಾಡಿಯನ್ನು ಇಳಿಸಿ. ಬೋಲ್ಟ್ ತಿರುಗಿಸುವ ಮುನ್ನ ಚಾಸಿಯನ್ನು ಎತ್ತಿ ಬಾರ್ ಮೇಲಿನ ಭಾರ ತೆಗೆಯಬೇಕು, ಪ್ರತಿ ಬದಲಾವಣೆಯ ನಂತರ ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಕೂರಲು ಬಿಟ್ಟು ಆಮೇಲೆ ಎತ್ತರ ಅಳೆಯಬೇಕು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬೇಡಿ, ಎತ್ತರ ಬದಲಾದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ (ಟೋ) ಮತ್ತು ಪಕ್ಕಕ್ಕೆ ವಾಲಿರುವ ಕೋನ (ಕ್ಯಾಂಬರ್) ಎರಡೂ ಬದಲಾಗಿರುತ್ತವೆ. ಡ್ರೈವ್ ಶಾಫ್ಟ್‌ನ ಬಾಗುವ ಕೀಲುಗಳಾದ ಸಿವಿ ಜಾಯಿಂಟ್‌ಗಳೂ ಅತಿಯಾದ ಕೋನದಿಂದ ಪಾರಾಗಿ ನಿಮಗೆ ಕೃತಜ್ಞವಾಗಿರುತ್ತವೆ.

ಪ್ರಶ್ನೆ: ಪಿಕಪ್ ವಾಹನದ ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಒಂದು ಪಟ್ಟಿ ಹೆಚ್ಚು ಹಾಕಿಸಿದ್ದೇನೆ. ಪೂರ್ತಿ ಹೊರೆ ಇದ್ದಾಗ ಸವಾರಿ ಚೆನ್ನಾಗಿದೆ, ಖಾಲಿ ಇದ್ದಾಗ ಸಹಿಸಲಾಗದು. ತಿಂಗಳಲ್ಲಿ ಬಹುಪಾಲು ಖಾಲಿಯಾಗಿಯೇ ಓಡುತ್ತದೆ. ಪಟ್ಟಿ ತೆಗೆಸಲೇ?

ಉತ್ತರ: ತೆಗೆಸಿ ಎಂಬುದೇ ಉತ್ತರ, ಆದರೆ ತೆಗೆಸುವ ಮುನ್ನ ಎರಡು ಸಂಗತಿ ನೋಡಿ. ಲೀಫ್ ಸ್ಪ್ರಿಂಗ್ ಕುಗ್ಗುವಾಗ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ತುದಿಗಳ ನಡುವಿನ ಪ್ಲಾಸ್ಟಿಕ್ ಬಿಲ್ಲೆಗಳು ಸವೆದುಹೋಗಿ, ಕೆಸರು ಮತ್ತು ತುಕ್ಕು ಕೂತಿದ್ದರೆ ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಸಣ್ಣ ಏರಿಳಿತಗಳಿಗೆ ಸ್ಪ್ರಿಂಗ್ ಮಿಸುಕುವುದೇ ಇಲ್ಲ, ದೊಡ್ಡದು ಬಂದಾಗ ಮಾತ್ರ ಜಗ್ಗುತ್ತದೆ. ಖಾಲಿ ಗಾಡಿಗೆ ಆ ಹಿಡಿತವನ್ನು ಬಿಡಿಸುವಷ್ಟು ಭಾರವೂ ಇರುವುದಿಲ್ಲ. ಎರಡನೆಯದು ಷ್ಯಾಕಲ್. ಸ್ಪ್ರಿಂಗ್ ಚಪ್ಪಟೆಯಾಗುತ್ತಾ ಉದ್ದವಾಗುತ್ತದೆ, ಆ ಉದ್ದಕ್ಕೆ ಎಡೆ ಕೊಡುವುದು ಅದರ ಒಂದು ತುದಿಯಲ್ಲಿ ತೂಗುವ ಷ್ಯಾಕಲ್. ಹೆಚ್ಚುವರಿ ಪಟ್ಟಿ ಸ್ಪ್ರಿಂಗ್‌ನ ಬಾಗು ಹೆಚ್ಚಿಸಿದಾಗ ತುದಿಗಳು ಒಳಕ್ಕೆ ಸರಿದು, ಷ್ಯಾಕಲ್ ತಪ್ಪು ಕಡೆಗೆ ವಾಲಿಬಿಡಬಹುದು. ಆಗ ಉಬ್ಬಿನ ಪೆಟ್ಟು ಸ್ಪ್ರಿಂಗ್ ಉದ್ದಕ್ಕೂ ಹರಿದು ನೇರ ಚಾಸಿಗೆ ಹೋಗುತ್ತದೆ. ಪಕ್ಕದಿಂದ ನೋಡಿದರೆ ಷ್ಯಾಕಲ್‌ನ ಸ್ಪ್ರಿಂಗ್ ಹಿಡಿದ ತುದಿ ಆಕ್ಸಲ್‌ನಿಂದ ದೂರಕ್ಕೆ ವಾಲಿರಬೇಕು.

ತೂಕ ಅಪರೂಪಕ್ಕೆ ಬರುವುದಾದರೆ ಪಟ್ಟಿಯ ಬದಲು ಸಹಾಯಕ ಏರ್ ಬ್ಯಾಗ್ ಯೋಚಿಸಬಹುದು. ಹೊರೆ ಇದ್ದಾಗ ಗಾಳಿ ತುಂಬಿ, ಖಾಲಿ ಇದ್ದಾಗ ತಯಾರಕರು ಹೇಳಿದ ಕನಿಷ್ಠಕ್ಕೆ ಇಳಿಸುವುದು. ಅದು ಗಾಡಿಯ ಹಿಂಭಾಗವನ್ನು ಮಟ್ಟಕ್ಕೆ ತರುತ್ತದೆಯೇ ಹೊರತು ಗಾಡಿಯ ಹೊರುವ ಸಾಮರ್ಥ್ಯವನ್ನು ಒಂದು ಕಿಲೋ ಕೂಡ ಹೆಚ್ಚಿಸುವುದಿಲ್ಲ. ಪಟ್ಟಿ ತೆಗೆದ ಮೇಲೆ ಹೊಸ ಯು ಬೋಲ್ಟ್ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿ ಮಾಡಿಸಿ.

ಪ್ರಶ್ನೆ: ಲಿಫ್ಟ್ ಕಿಟ್ ಜೊತೆಗೆ ಸಸ್ಪೆನ್ಷನ್ ತೋಳುಗಳಿಗೆ ಹೊಸ ರಬ್ಬರ್ ಬುಷ್ ಹಾಕಿಸಿದೆ. ಸವಾರಿ ಬಿರುಸಾಗಿದ್ದಲ್ಲದೆ ಒಂದೆರಡು ತಿಂಗಳಲ್ಲೇ ಬುಷ್ ಹರಿದವು. ಈಗ ಪಾಲಿಯುರೆಥೇನ್ ಹಾಕಿ ಎನ್ನುತ್ತಾರೆ. ಅದು ವಾಸಿಯೇ?

ಉತ್ತರ: ಬುಷ್ ಬದಲಿಸಿದವರು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರಗಳು ಇಳಿಬಿದ್ದಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಿರುವ ಸಂಭವ ಹೆಚ್ಚು. ಇಂಥ ಬುಷ್‌ನ ರಬ್ಬರ್ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ತೋಳು ಆಡುವಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಇಳಿಬಿದ್ದ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಗಾಡಿ ನೆಲಕ್ಕೆ ಇಳಿದ ಕ್ಷಣದಿಂದಲೇ ಎಲ್ಲ ಬುಷ್‌ಗಳೂ ತಿರುಚಿಕೊಂಡು ಬೇಡದ ಸ್ಪ್ರಿಂಗ್‌ಗಳಾಗುತ್ತವೆ. ಗಾಡಿ ತುಸು ಎತ್ತರ ನಿಲ್ಲುತ್ತದೆ, ಸವಾರಿ ಗಡಸಾಗುತ್ತದೆ, ದೊಡ್ಡ ಉಬ್ಬು ಬಂದಾಗ ರಬ್ಬರ್ ತನ್ನ ಮಿತಿ ಮೀರಿ ಹರಿಯುತ್ತದೆ. ಮತ್ತೆ ಒಳ್ಳೆಯ ರಬ್ಬರ್ ಬುಷ್‌ಗಳನ್ನೇ ಹಾಕಿಸಿ, ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಇಟ್ಟು, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಹಿಂದೆ ಮುಂದೆ ತಳ್ಳಿ ಕೂರಲು ಬಿಟ್ಟು, ಆಮೇಲೆ ನಿಗದಿತ ಟಾರ್ಕ್‌ಗೆ ಬಿಗಿ ಮಾಡಿಸಿ.

ಪಾಲಿಯುರೆಥೇನ್ ಬುಷ್ ಜಾರುವ ಬಗೆಯದಾದ್ದರಿಂದ ಈ ತಪ್ಪು ಅದನ್ನು ಕಾಡುವುದಿಲ್ಲ. ಆದರೆ ಅದು ರಬ್ಬರ್‌ಗಿಂತ ಗಡಸು, ಸರಿಯಾದ ಗ್ರೀಸ್ ಇಲ್ಲದಿದ್ದರೆ ಕಿರುಗುಟ್ಟುತ್ತದೆ, ಧೂಳು ಕೂತರೆ ಹಿಡಿದುಕೊಳ್ಳುತ್ತದೆ. ಹಿತವಾದ ಸವಾರಿ ಬೇಕೆಂದು ಬರೆಯುತ್ತಿರುವವರಿಗೆ ನಾನು ಅದನ್ನು ಹೇಳಲಾರೆ.

ಪ್ರಶ್ನೆ: ಗಂಟೆಗೆ 90 ಕಿ.ಮೀ. ಹತ್ತಿರ ಸ್ಟೀರಿಂಗ್ ನಡುಗುತ್ತದೆ, ನುಣುಪಾದ ರಸ್ತೆಯಲ್ಲೂ. ಇದೂ ಸ್ಪ್ರಿಂಗ್ ದೋಷವೇ?

ಉತ್ತರ: ಅಲ್ಲ. ರಸ್ತೆ ನುಣುಪಾಗಿದ್ದೂ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುವ ನಡುಕ ಚಕ್ರದ ಬ್ಯಾಲೆನ್ಸಿಂಗ್, ಡೊಂಕಾದ ರಿಮ್ ಅಥವಾ ಉರುಟು ತಪ್ಪಿದ ಟೈರ್‌ನಿಂದ ಬರುತ್ತದೆ. ಕಾಡುದಾರಿಯಿಂದ ಬಂದ ಗಾಡಿಯಾದರೆ ಮೊದಲು ರಿಮ್‌ನ ಒಳಬದಿಯಲ್ಲಿ ಒಣಗಿ ಕೂತ ಕೆಸರನ್ನು ತೊಳೆಯಿರಿ.

ಪ್ರಶ್ನೆ: ಅಲೆಅಲೆಯಾದ ಜಲ್ಲಿ ರಸ್ತೆಯಲ್ಲಿ ಮೊದಲ ಕೆಲವು ಸೆಕೆಂಡ್ ಗಾಡಿ ಚೆನ್ನಾಗಿರುತ್ತದೆ, ಆಮೇಲೆ ಎದೆ ಅದುರುವಷ್ಟು ಕುಕ್ಕತೊಡಗುತ್ತದೆ. ವೇಗ ತಗ್ಗಿಸಿ ನಿಂತು ಮತ್ತೆ ಹೊರಟರೆ ಪುನಃ ಅದೇ ಕಥೆ. ನನ್ನ ಹೊಸ ಶಾಕ್‌ಗಳಲ್ಲಿ ಎಂಟು ಹಂತದ ಹೊಂದಾಣಿಕೆ ಇದೆ. ಭಾರದ ಗಾಡಿಯೆಂದು ಅತಿ ಬಿಗಿಯ ಹಂತದಲ್ಲಿ ಇಟ್ಟಿದ್ದೇನೆ.

ಉತ್ತರ: ಈ ಪುಟದಲ್ಲಿ ಶಾಕ್ ಅನ್ನು ನಿಜವಾಗಿ ಹಿಡಿದು ಕೇಳಬಹುದಾದ ಪ್ರಕರಣ ನಿಮ್ಮದೊಂದೇ. ಶಾಕ್ ಕುಗ್ಗುವಾಗಲೂ ಹಿಗ್ಗುವಾಗಲೂ ತಡೆ ಒಡ್ಡುತ್ತದೆ. ಹಿಗ್ಗುವ ತಡೆ ಅತಿಯಾದರೆ, ಒಂದು ಅಲೆಗೆ ಕುಗ್ಗಿದ ಚಕ್ರ ಪೂರ್ತಿ ಇಳಿಯುವ ಮೊದಲೇ ಮುಂದಿನ ಅಲೆ ಬಂದು ತಾಗುತ್ತದೆ. ಹೀಗೆ ಪ್ರತಿ ಅಲೆಗೂ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಾ ಹೋಗಿ, ಕೆಲವು ಸೆಕೆಂಡ್‌ಗಳಲ್ಲಿ ಗಾಡಿ ಬಂಪ್ ಸ್ಟಾಪ್‌ಗಳ ಹತ್ತಿರ ಕೂತುಬಿಡುತ್ತದೆ, ಅಲ್ಲಿಂದ ಮುಂದೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ನಿಂತಾಗ ಅದು ಮತ್ತೆ ಎದ್ದು ನಿಲ್ಲುವುದರಿಂದ ವರ್ಕ್‌ಶಾಪ್‌ನಲ್ಲಿ ಪರೀಕ್ಷಿಸುವವರ ಕಣ್ಣಿಗೆ ಏನೂ ಬೀಳುವುದಿಲ್ಲ. ಕುಳಿತ ಮನುಷ್ಯನ ದೇಹ ಮೇಲುಕೆಳಗಿನ ಕಂಪನವನ್ನು ಸುಮಾರು 4ರಿಂದ 8 ಹರ್ಟ್ಸ್ ನಡುವೆ ಅತಿ ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುತ್ತದೆ, ಎದೆ ಮತ್ತು ಹೊಟ್ಟೆ ಅದುರಿದಂತೆ ಅನಿಸುವುದು ಅದಕ್ಕೇ.

ಬಿಸಿಯೇರಿ ಶಾಕ್ ಸೋತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಣ್ಣೆ ಬಿಸಿಯಾಗಿ ತಡೆ ಕುಸಿದ ಶಾಕ್‌ನ ಗಾಡಿ ದೋಣಿಯಂತೆ ತೇಲಾಡುತ್ತದೆ, ಕುಕ್ಕುವುದಿಲ್ಲ. ಅದಕ್ಕೆ ಹೆಚ್ಚು ಹೊತ್ತೂ ಹಿಡಿಯುತ್ತದೆ. ನಾಲ್ಕೂ ಶಾಕ್‌ಗಳನ್ನು ಅತಿ ಮೆದುವಾದ ಹಂತಕ್ಕೆ ತಂದು ಅದೇ ರಸ್ತೆಯಲ್ಲಿ ಓಡಿಸಿ, ಗಾಡಿ ಉಬ್ಬಿನ ನಂತರ ಒಂದಕ್ಕಿಂತ ಹೆಚ್ಚು ಸಲ ತೂಗತೊಡಗಿದರೆ ಒಂದೊಂದೇ ಹಂತ ಬಿಗಿ ಮಾಡುತ್ತಾ ಬನ್ನಿ. ಮುಂದೆ ಮತ್ತು ಹಿಂದೆ ಒಂದೇ ಹಂತ ಇರಬೇಕೆಂಬ ನಿಯಮವಿಲ್ಲ, ಆದರೆ ಒಂದೇ ಆಕ್ಸಲ್‌ನ ಎಡ ಬಲ ಒಂದೇ ಇರಬೇಕು. ಜಲ್ಲಿ ರಸ್ತೆ ಉದ್ದವಾಗಿದ್ದರೆ ವೇಗ ತಗ್ಗಿಸಿ, ಟೈರ್ ಒತ್ತಡವನ್ನೂ ಕೆಲವು ಪಿಎಸ್‌ಐ ಇಳಿಸಿಕೊಳ್ಳಬಹುದು. ಡಾಂಬರು ರಸ್ತೆಗೆ ಮರಳಿದ ಕೂಡಲೇ, ವೇಗ ಹೆಚ್ಚಿಸುವ ಮೊದಲು, ಗಾಳಿಯನ್ನು ಮತ್ತೆ ತುಂಬಿಸಿಕೊಳ್ಳಬೇಕು.